ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ದೂರ ಎಷ್ಟು, ಹೊತ್ತು ಎಷ್ಟು?

ಚಿಗಟೇರಿಯಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಬಸ್ಸಿನಲ್ಲಿ ಆರೇಳು ಗಂಟೆ ಬೇಕು. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ನೇರ ವಿಮಾನಕ್ಕೆ ಹದಿನಾರರಿಂದ ಹದಿನೆಂಟು ಗಂಟೆ ಸಾಕು. ಮೂರು ಲೋಕ ಸುತ್ತುವ ನಾರದಮುನಿಯ ಗುಡಿ ಇರುವ ಊರಿನವರಿಗೆ ಇದರಲ್ಲಿ ಅಚ್ಚರಿ ಕಾಣದೆ ಇರಬಹುದು. ಆದರೆ ನಾರದರಿಗೆ ಇಲ್ಲದ ಹಲವು ತೊಡಕುಗಳು ವಿಮಾನಕ್ಕಿವೆ. ಗಾಳಿ, ಪರ್ವತ, ಚಳಿ, ಇಂಧನದ ತೂಕ, ದೇಶದೇಶಗಳ ಜಗಳ, ಇವೆಲ್ಲವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡು ಊರುಗಳ ನಡುವಿನ ದೂರವನ್ನು ರೇಖಾಗಣಿತ ಒಮ್ಮೆಗೇ ನಿರ್ಧರಿಸಿಬಿಡುತ್ತದೆ. ಪ್ರಯಾಣದ ಕಾಲ ಮಾತ್ರ ದಿನದಿನಕ್ಕೂ ಬೇರೆ.

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ಮನೆಗಳು ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಆದ್ದರಿಂದ ಇದು ತರಗತಿಯಲ್ಲಿ ಮಕ್ಕಳು ತಾವಾಗಿಯೇ ಕೇಳುವ ಪ್ರಶ್ನೆ. ಮೊದಲು ನೀವೇ ಒಂದು ಸಣ್ಣ ಪರೀಕ್ಷೆ ಮಾಡಿ. ಗೋಡೆಯ ಮೇಲಿನ ಪ್ರಪಂಚದ ಭೂಪಟದ ಮುಂದೆ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನ ಹೋಗುವ ದಾರಿಯನ್ನು ಬೆರಳಿನಿಂದ ತೋರಿಸಲು ಹೇಳಿ. ಬೆರಳು ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಹೋಗುತ್ತದೆ. ಭೂಪಟದ ಬಲ ಅಂಚು ಎಡ ಅಂಚಿಗೆ ಕೂಡಿಕೊಳ್ಳುತ್ತದೆಂದು ತಿಳಿದ ಜಾಣನಾದರೆ ಪೂರ್ವಕ್ಕೆ ಹೊರಟು ಪೆಸಿಫಿಕ್ ಸಾಗರ ದಾಟುತ್ತಾನೆ. ಉತ್ತರಕ್ಕೆ ಬೆರಳು ಒಯ್ಯುವವರು ಅಪರೂಪ. ಆದರೆ ಸರಿಯಾದ ದಿಕ್ಕು ಅದೇ.

ದಾರ ಹೇಳುವ ಸತ್ಯ

ಭೂಪಟವನ್ನು ಬಿಟ್ಟು ಭೂಗೋಳದ ಮಾದರಿಯನ್ನು ಎತ್ತಿಕೊಳ್ಳಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದು ಬಿಗಿಯಾಗಿ ಎಳೆಯಿರಿ. ಬಿಗಿಯಾದ ದಾರ ತಾನಾಗಿಯೇ ಅತಿ ಕಡಿಮೆ ಉದ್ದದ ದಾರಿಯನ್ನು ಆರಿಸಿಕೊಳ್ಳುತ್ತದೆ. ಅದು ಪೆಸಿಫಿಕ್ ಮೇಲೆ ನಿಲ್ಲದೆ ಜಾರಿ ಏಷ್ಯದ ಉತ್ತರ ಅಂಚಿನವರೆಗೂ ಹೋಗುವುದನ್ನು ನೋಡಿ. ಈ ದಾರ ಕೂತ ಗೆರೆ ಒಂದು ಮಹಾವೃತ್ತದ ಭಾಗ. ಗೋಳದ ಕೇಂದ್ರದ ಮೂಲಕ ಹಾಯುವ ಸಮತಲ ಗೋಳದ ಮೈಯನ್ನು ಕತ್ತರಿಸಿದಾಗ ಸಿಗುವ ವೃತ್ತವೇ ಮಹಾವೃತ್ತ. ವಿಷುವದ್ವೃತ್ತ ಒಂದು ಮಹಾವೃತ್ತ. ರೇಖಾಂಶಗಳೆಲ್ಲವೂ ಮಹಾವೃತ್ತಗಳ ಅರ್ಧಗಳು. ಬೇರೆ ಯಾವ ಅಕ್ಷಾಂಶ ವೃತ್ತವೂ ಮಹಾವೃತ್ತವಲ್ಲ. ಆದ್ದರಿಂದ ಒಂದೇ ಅಕ್ಷಾಂಶದ ಎರಡು ಊರುಗಳ ನಡುವೆಯೂ ಆ ಅಕ್ಷಾಂಶದ ಗುಂಟ ಹೋಗುವುದು ಅತಿ ಹತ್ತಿರದ ದಾರಿಯಲ್ಲ.

ಹಾಗಾದರೆ ಭೂಪಟ ಸುಳ್ಳು ಹೇಳುತ್ತದೆಯೆ? ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ಚೌಕಳಿ ಭೂಪಟಗಳ ಮೂಲಪುರುಷ ಗೆರಾರ್ಡಸ್ ಮರ್ಕೇಟರ್. ಅವನು 1569ರಲ್ಲಿ ತನ್ನ ಭೂಪಟವನ್ನು ರಚಿಸಿದ್ದು ಹಡಗಿನವರಿಗಾಗಿ. ಅದರ ಮೇಲೆ ಸರಳರೇಖೆ ಎಳೆದರೆ, ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಸಾಗುವ ದಾರಿ ಸಿಗುತ್ತದೆ. ಹಡಗಿನವನಿಗೆ ಅದು ದೊಡ್ಡ ವರ. ಆದರೆ 60° ಅಕ್ಷಾಂಶದ ವೃತ್ತ ವಿಷುವದ್ವೃತ್ತದ ಅರ್ಧದಷ್ಟೇ ಉದ್ದವಿದ್ದರೂ ಭೂಪಟದಲ್ಲಿ ಎರಡೂ ಸಮ. ಉತ್ತರಕ್ಕೆ ಹೋದಂತೆಲ್ಲ ಭೂಪಟ ಎಳೆದು ಹಿಗ್ಗಿಸಿದ ರಬ್ಬರಿನಂತಾಗುತ್ತದೆ. ಹಿಗ್ಗಿದ ಭಾಗದ ಮೂಲಕ ಹೋಗುವ ಹತ್ತಿರದ ದಾರಿ ನಮ್ಮ ಕಣ್ಣಿಗೆ ಸುತ್ತುದಾರಿಯಾಗಿ ಕಾಣುತ್ತದೆ.

ಸಣ್ಣ ದೂರಗಳಿಗೆ ಈ ತಾಪತ್ರಯವಿಲ್ಲ. ಹರಪನಹಳ್ಳಿಯ ಅಕ್ಷಾಂಶ ಸುಮಾರು 14.8° ಉತ್ತರ, ರೇಖಾಂಶ 76.0° ಪೂರ್ವ. ಬೆಂಗಳೂರು ನಗರದ್ದು 13.0° ಮತ್ತು 77.6°. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಆದ್ದರಿಂದ ಮಹಾವೃತ್ತದ ಒಂದು ಅಂಶಕ್ಕೆ 111.2 ಕಿ.ಮೀ. ಅಕ್ಷಾಂಶದ ವ್ಯತ್ಯಾಸ 1.8°, ಅಂದರೆ 200 ಕಿ.ಮೀ. ರೇಖಾಂಶದ ವ್ಯತ್ಯಾಸ 1.6°, ಇದನ್ನು ಕೊಸೈನ್ 13.9°ಯಿಂದ ಗುಣಿಸಿದರೆ ಸುಮಾರು 173 ಕಿ.ಮೀ. ಪೈಥಾಗೊರಸ್ ಪ್ರಮೇಯ ಹಚ್ಚಿ. ಹಕ್ಕಿ ಹಾರುವ ದೂರ ಸುಮಾರು 265 ಕಿ.ಮೀ. ಸಿಗುತ್ತದೆ. ಇಷ್ಟು ಸಣ್ಣ ತುಂಡನ್ನು ಚಪ್ಪಟೆ ನೆಲ ಎಂದುಕೊಂಡರೆ ಏನೂ ಕೆಡುವುದಿಲ್ಲ. ಉಳಿದ ವ್ಯತ್ಯಾಸ ರಸ್ತೆಯ ತಿರುವುಗಳದು.

ದೂರದ ಊರುಗಳಿಗೆ ಗೋಲೀಯ ತ್ರಿಕೋನಮಿತಿಯೇ ಬೇಕು. ಬೆಂಗಳೂರು ವಿಮಾನ ನಿಲ್ದಾಣ 13.2° ಉತ್ತರ, 77.7° ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6° ಉತ್ತರ, 122.4° ಪಶ್ಚಿಮ. ರೇಖಾಂಶಗಳನ್ನು ಕೂಡಿದರೆ 200.1°. ಅರ್ಧ ಸುತ್ತಿಗಿಂತ ಇದು ಹೆಚ್ಚಾದ್ದರಿಂದ ಇನ್ನೊಂದು ಬದಿಯ 159.9° ತೆಗೆದುಕೊಳ್ಳೋಣ. ಎರಡು ಊರುಗಳು ಭೂಕೇಂದ್ರದಲ್ಲಿ ಉಂಟುಮಾಡುವ ಕೋನ ದ ಆದರೆ,

ಕೊಸೈನ್ ದ = (ಸೈನ್ 13.2° × ಸೈನ್ 37.6°) + (ಕೊಸೈನ್ 13.2° × ಕೊಸೈನ್ 37.6° × ಕೊಸೈನ್ 159.9°)

= 0.1393 − 0.7244 = −0.5851

ಆದ್ದರಿಂದ ದ = 125.8°. ಇದನ್ನು 111.2ರಿಂದ ಗುಣಿಸಿದರೆ 13,990 ಕಿ.ಮೀ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವೆ ನೇರ ವಿಮಾನ ಆರಂಭಿಸಿದಾಗ ಪ್ರಕಟವಾದ ಅಂಕಿ 13,993 ಕಿ.ಮೀ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಉತ್ತರ ಇಷ್ಟು ಹತ್ತಿರ ಬಂದಿದೆ. ಪಿ.ಯು. ವಿದ್ಯಾರ್ಥಿಯೊಬ್ಬ ಕ್ಯಾಲ್ಕುಲೇಟರ್ ಹಿಡಿದು ಐದು ನಿಮಿಷದಲ್ಲಿ ಇದನ್ನು ಮಾಡಬಹುದು. ಇದಕ್ಕೆ ಹೋಲಿಸಿದರೆ, ಮರ್ಕೇಟರ್ ಭೂಪಟದ ಸರಳರೇಖೆಯಲ್ಲಿ ಪೆಸಿಫಿಕ್ ದಾಟಿ ಹೋದರೆ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಬೆರಳು ತೋರಿಸಿದ ದಾರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಸುತ್ತು!

ಧ್ರುವದ ಮೇಲೆ ಹಾದರೆ?

ಬೆಂಗಳೂರಿನಿಂದ ಹೊರಟಾಗ ಮಹಾವೃತ್ತದ ದಿಕ್ಕು ಉತ್ತರದಿಂದ ಪೂರ್ವಕ್ಕೆ 20°ಯಷ್ಟು ಮಾತ್ರ ವಾಲಿರುತ್ತದೆ. ಅದು ನೇಪಾಳ-ಟಿಬೆಟ್ ಗಡಿ, ಚೀನದ ಷಿನ್‌ಜಿಯಾಂಗ್, ಪಶ್ಚಿಮ ಮಂಗೋಲಿಯ, ಸೈಬೀರಿಯಗಳನ್ನು ದಾಟಿ ಆರ್ಕ್ಟಿಕ್ ಸಾಗರದ ಅಂಚಿನಲ್ಲಿ 71° ಅಕ್ಷಾಂಶದವರೆಗೆ ಏರುತ್ತದೆ. ಅಲ್ಲಿಂದ ಕೆಳಗಿಳಿದು ಅಲಾಸ್ಕದ ಮೇಲೆ ಹಾದು ಸ್ಯಾನ್ ಫ್ರಾನ್ಸಿಸ್ಕೋ ಸೇರುತ್ತದೆ. ಅಂದರೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಮೇಲೆ ಹಾಯುವುದಿಲ್ಲ. ಆದರೂ 2021ರ ಮೊದಲ ವಿಮಾನ, ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ವಿಮಾನ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವ ಪ್ರದೇಶದ ಮೇಲೆ ಹಾರಿ ಬಂತು. ಹತ್ತಿರದ ದಾರಿ ಬಿಟ್ಟು ಧ್ರುವಕ್ಕೇಕೆ ಹೋಗಬೇಕು?

ಧ್ರುವದ ದಾರಿಯ ಲೆಕ್ಕ ಇನ್ನೂ ಸುಲಭ, ತ್ರಿಕೋನಮಿತಿಯೂ ಬೇಡ. ಬೆಂಗಳೂರಿನಿಂದ ಧ್ರುವಕ್ಕೆ 90 − 13.2 = 76.8°. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 90 − 37.6 = 52.4°. ಒಟ್ಟು 129.2°, ಅಂದರೆ ಸುಮಾರು 14,370 ಕಿ.ಮೀ. ಅತಿ ಕಡಿಮೆ ದೂರಕ್ಕಿಂತ ಇದು 380 ಕಿ.ಮೀ. ಮಾತ್ರ ಹೆಚ್ಚು. ಎರಡು ಊರುಗಳ ರೇಖಾಂಶಗಳು ಹೆಚ್ಚುಕಡಿಮೆ ಎದುರುಬದುರಾಗಿರುವುದೇ ಇದಕ್ಕೆ ಕಾರಣ. ರೇಖಾಂಶದ ವ್ಯತ್ಯಾಸ ಸರಿಯಾಗಿ 180° ಇದ್ದಿದ್ದರೆ ಧ್ರುವದ ದಾರಿಯೇ ಅತಿ ಹತ್ತಿರದ್ದಾಗುತ್ತಿತ್ತು. ವಿಮಾನದ ವೇಗದಲ್ಲಿ 380 ಕಿ.ಮೀ. ಎಂದರೆ 25 ನಿಮಿಷದ ಮಾತು. ಎದುರುಗಾಳಿ ತಪ್ಪಿಸಿಕೊಂಡರೆ ಆ 25 ನಿಮಿಷಕ್ಕಿಂತ ಹೆಚ್ಚು ಉಳಿಯಬಹುದು. ಇದನ್ನು ಮುಂದೆ ನೋಡೋಣ.

ಟಿಬೆಟ್ ಇನ್ನೊಂದು ಅಡ್ಡಿ. ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಎವರೆಸ್ಟ್ ತಾಗುವುದಿಲ್ಲವಲ್ಲ ಎಂದು ಕೇಳಬಹುದು. ಸಮಸ್ಯೆ ಹಾರುವಾಗಿನದಲ್ಲ, ಇಳಿಯಬೇಕಾಗಿ ಬಂದಾಗಿನದು. ಯಾವುದೋ ಕಾರಣದಿಂದ ವಿಮಾನದೊಳಗಿನ ಗಾಳಿಯ ಒತ್ತಡ ಸೋರಿಹೋದರೆ ಪ್ರಯಾಣಿಕರ ತಲೆಯ ಮೇಲಿಂದ ಆಮ್ಲಜನಕದ ಮುಖವಾಡಗಳು ಇಳಿಯುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿರುವ ಆಮ್ಲಜನಕ ಹದಿನೈದು-ಇಪ್ಪತ್ತು ನಿಮಿಷಕ್ಕೆ ಸಾಕಾಗುವಷ್ಟು. ಅಷ್ಟರಲ್ಲಿ ಪೈಲಟ್ ಸುಮಾರು ಮೂರು ಕಿ.ಮೀ. ಎತ್ತರಕ್ಕೆ, ಅಂದರೆ ಮುಖವಾಡವಿಲ್ಲದೆ ಉಸಿರಾಡಬಹುದಾದ ಗಾಳಿಗೆ, ವಿಮಾನವನ್ನು ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು ನಾಲ್ಕೂವರೆ ಕಿ.ಮೀ. ಇಳಿಯುವುದೆಲ್ಲಿಗೆ? ಅದಕ್ಕಾಗಿ ವಿಮಾನಗಳು ಸಾಮಾನ್ಯವಾಗಿ ಆ ಭಾಗವನ್ನು ಬಳಸಿಕೊಂಡು ಹೋಗುತ್ತವೆ. ರೇಖಾಗಣಿತದ ಗೆರೆ ಇಲ್ಲಿಯೇ ಒಮ್ಮೆ ಸೊಟ್ಟಗಾಯಿತು.

ವೇಗ ಎಷ್ಟು?

ಈ ಮಾರ್ಗಕ್ಕೆ ಬಳಸಿದ ಬೋಯಿಂಗ್ 777-200 ಎಲ್‌ಆರ್ ವಿಮಾನ ಸಾಮಾನ್ಯವಾಗಿ ಶಬ್ದದ ವೇಗದ 0.84 ಪಟ್ಟು ವೇಗದಲ್ಲಿ ಸಾಗುತ್ತದೆ. ಯಾವ ಶಬ್ದದ ವೇಗ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಶಬ್ದದ ವೇಗ ನಿರಪೇಕ್ಷ ತಾಪದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ 331 ಮೀಟರ್. ಹನ್ನೊಂದು ಕಿ.ಮೀ. ಎತ್ತರದಲ್ಲಿ ತಾಪ ಸುಮಾರು −56° ಸೆ., ಅಂದರೆ 217 ಕೆಲ್ವಿನ್. 331 ಅನ್ನು 217/273ರ ವರ್ಗಮೂಲದಿಂದ ಗುಣಿಸಿದರೆ ಸೆಕೆಂಡಿಗೆ 295 ಮೀಟರ್, ಗಂಟೆಗೆ 1,062 ಕಿ.ಮೀ. ಅದರ 0.84 ಪಟ್ಟು 892 ಕಿ.ಮೀ. ಹೀಗೆ 13,990 ಕಿ.ಮೀ. ಸಾಗಲು 15 ಗಂಟೆ 41 ನಿಮಿಷ ಬೇಕು. ಇದು ಗಾಳಿ ಅಲುಗಾಡದೆ ನಿಂತಿದ್ದರೆ ಬರುವ ಉತ್ತರ. ಆ ಎತ್ತರದಲ್ಲಿ ಗಾಳಿ ಹಾಗೆ ನಿಂತಿರುವುದು ಅಪರೂಪ.

ಇಲ್ಲಿ ಪ್ರತಿವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಕೇಳುವ ಪ್ರಶ್ನೆಯೊಂದಿದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಹೆಲಿಕಾಪ್ಟರ್ ಒಂದು ಮೇಲೇರಿ ಸುಮ್ಮನೆ ನಿಂತರೆ ಅಮೆರಿಕವೇ ಅದರ ಕೆಳಗೆ ಬರಬೇಕಲ್ಲವೆ? ದಯವಿಟ್ಟು ಈ ಪ್ರಶ್ನೆಗೆ ನಗಬೇಡಿ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ನೆಲದ ಜೊತೆಗೆ ಗಾಳಿ, ಗಾಳಿಯ ಜೊತೆಗೆ ಹೆಲಿಕಾಪ್ಟರ್ ಕೂಡ ಅದೇ ವೇಗದಲ್ಲಿ ಸಾಗುತ್ತಿವೆ. ಗಾಳಿ ಹಿಂದುಳಿದಿದ್ದರೆ ನಮ್ಮ ಮುಖಕ್ಕೆ ಸದಾ 1,630 ಕಿ.ಮೀ. ವೇಗದ ಬಿರುಗಾಳಿ ಬಡಿಯುತ್ತಿತ್ತು. ತೆಂಗಿನ ಮರ ಒಂದೂ ಉಳಿಯುತ್ತಿರಲಿಲ್ಲ. ಆದ್ದರಿಂದ ಭೂಭ್ರಮಣೆಯಿಂದ ವಿಮಾನಕ್ಕೆ ನೇರವಾದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಆದರೆ ಪರೋಕ್ಷವಾಗಿ ಇದೆ! ವಿಷುವದ್ವೃತ್ತದ ಬಳಿ ಗಾಳಿ ಕಾದು ಮೇಲೇರಿ ಧ್ರುವಗಳ ಕಡೆಗೆ ಹರಿಯುತ್ತದೆ. ಹಾಗೆ ಹರಿಯುವಾಗ ತನ್ನ ಮೂಲಸ್ಥಳದ ಹೆಚ್ಚಿನ ಪೂರ್ವಾಭಿಮುಖ ವೇಗವನ್ನು ಹೊತ್ತುಕೊಂಡೇ ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ನೆಲದ ವೇಗ ಗಂಟೆಗೆ ಸುಮಾರು 1,330 ಕಿ.ಮೀ. ಮಾತ್ರ. ಹೀಗಾಗಿ ಉತ್ತರಕ್ಕೆ ಬಂದ ಗಾಳಿ ಅಲ್ಲಿನ ನೆಲಕ್ಕಿಂತ ಮುಂದೋಡುತ್ತದೆ, ಅಂದರೆ ಪೂರ್ವಕ್ಕೆ ಬೀಸುತ್ತದೆ. ಇದರ ಜೊತೆಗೆ ಬೆಚ್ಚಗಿನ ಮತ್ತು ತಣ್ಣಗಿನ ಗಾಳಿಯ ರಾಶಿಗಳು ಕೂಡುವ ಕಡೆ ಒತ್ತಡದ ವ್ಯತ್ಯಾಸ ಹೆಚ್ಚಾಗಿ, ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಕಿರಿದಾದ ಗಾಳಿಹೊಳೆಗಳು ಹುಟ್ಟುತ್ತವೆ. ಇವೇ ಜೆಟ್ ಪ್ರವಾಹಗಳು. ಗಂಟೆಗೆ 150-200 ಕಿ.ಮೀ. ವೇಗ ಇವಕ್ಕೆ ಸಾಮಾನ್ಯ; ಚಳಿಗಾಲದಲ್ಲಿ 300 ಮೀರುವುದೂ ಉಂಟು. ಪೂರ್ವಕ್ಕೆ ಹೋಗುವ ವಿಮಾನ ಈ ಹೊಳೆಯಲ್ಲಿ ತೇಲಿಕೊಂಡು ಹೋಗುತ್ತದೆ. ಪಶ್ಚಿಮಕ್ಕೆ ಬರುವ ವಿಮಾನ ಇದರಿಂದ ದೂರ ಸರಿಯಲು ನೋಡುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ 2005ರ ನವೆಂಬರಿನ ಒಂದು ಹಾರಾಟ. ಇದೇ ಮಾದರಿಯ ಬೋಯಿಂಗ್ 777-200 ಎಲ್‌ಆರ್ ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಬೇಕೆಂದೇ ಉಲ್ಟಾ ದಾರಿ ಹಿಡಿದು, ಪೂರ್ವಕ್ಕೆ ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ದಾಟಿ ಎಲ್ಲೂ ಇಳಿಯದೆ 21,602 ಕಿ.ಮೀ. ಹಾರಿತು. ತೆಗೆದುಕೊಂಡ ಕಾಲ 22 ಗಂಟೆ 42 ನಿಮಿಷ. ಭಾಗಿಸಿ ನೋಡಿ, ಸರಾಸರಿ ವೇಗ ಗಂಟೆಗೆ 952 ಕಿ.ಮೀ. ನಾವು ಲೆಕ್ಕ ಹಾಕಿದ 892ಕ್ಕಿಂತ ಹೆಚ್ಚಿಗೆ ಬಂದ ಸುಮಾರು 60 ಕಿ.ಮೀ. ಎಂಜಿನ್ನಿನದಲ್ಲ, ಗಾಳಿಯ ಕೊಡುಗೆ.

ಈಗ ಧ್ರುವದ ದಾರಿಗೆ ಹಿಂತಿರುಗೋಣ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬರುವಾಗ ಹತ್ತಿರದ ದಾರಿಯ ಅರ್ಧದಷ್ಟು, ಅಂದರೆ 7,000 ಕಿ.ಮೀ., ಗಂಟೆಗೆ 60 ಕಿ.ಮೀ.ಯ ಎದುರುಗಾಳಿ ಇದೆ ಎಂದುಕೊಳ್ಳಿ. ಆ ಭಾಗಕ್ಕೆ 7.85 ಗಂಟೆಯ ಬದಲು 8.41 ಗಂಟೆ ಬೇಕಾಗಿ, 34 ನಿಮಿಷ ನಷ್ಟ. ಧ್ರುವದ ಮೇಲಿನ ಸುತ್ತು 25 ನಿಮಿಷ ಮಾತ್ರ. ದೂರ ಹೆಚ್ಚಾದರೂ ಹೊತ್ತು ಕಡಿಮೆ ಆಗುವುದು ಹೀಗೆ. ಯಾವ ದಾರಿ ಎಂಬುದನ್ನು ಆಯಾ ದಿನದ ಹವಾ ಮುನ್ಸೂಚನೆ ನೋಡಿಯೇ ತೀರ್ಮಾನಿಸುತ್ತಾರೆ. ನಿನ್ನೆಯ ದಾರಿ ಇಂದಿನದಾಗಿರಬೇಕೆಂದಿಲ್ಲ.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. 14,000 ಕಿ.ಮೀ. ದೂರ, 900 ಕಿ.ಮೀ. ವೇಗ, 100 ಕಿ.ಮೀ. ಗಾಳಿ ಎಂದಿಟ್ಟುಕೊಳ್ಳಿ. ಹೋಗಲು 14 ಗಂಟೆ, ಬರಲು 17.5 ಗಂಟೆ, ಒಟ್ಟು 31.5 ಗಂಟೆ. ಗಾಳಿಯೇ ಇಲ್ಲದಿದ್ದರೆ 31.1 ಗಂಟೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ. ಆದ್ದರಿಂದ ನಷ್ಟದ ಪಾಲೇ ಯಾವಾಗಲೂ ದೊಡ್ಡದು.

ಚಳಿ, ಇಂಧನ, ಇಳಿದಾಣ

ಈ ವಿಮಾನ ನೆಲ ಬಿಡುವಾಗ ಅದರ ಗರಿಷ್ಠ ತೂಕ ಸುಮಾರು 347 ಟನ್. ಟ್ಯಾಂಕುಗಳಲ್ಲಿ ಹಿಡಿಯುವ ಇಂಧನ ಸುಮಾರು 1,81,000 ಲೀಟರ್, ಅಂದರೆ 145 ಟನ್. ತೂಕದ ಐದರಲ್ಲಿ ಎರಡು ಪಾಲು ಇಂಧನವೇ! ಪ್ರಯಾಣದ ಮೊದಲರ್ಧದಲ್ಲಿ ಸುಡುವ ಇಂಧನದ ಒಂದು ಭಾಗ ಉಳಿದರ್ಧದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಅರ್ಧ ಗಂಟೆ ಉಳಿಸಲು ಕಂಪನಿಗಳು ಇಷ್ಟು ಲೆಕ್ಕ ಹಾಕುವುದು ಇದಕ್ಕೇ.

ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಇಂಧನದ ಹೆಪ್ಪುಗಟ್ಟುವ ಮಿತಿ −40° ಸೆ. ಧ್ರುವದ ಮೇಲೆ ಹೊರಗಿನ ಗಾಳಿ −60°ಗಿಂತಲೂ ತಣ್ಣಗಿರಬಹುದು. ರೆಕ್ಕೆಯಲ್ಲಿರುವ ಇಂಧನ ಗಂಟೆಗಟ್ಟಲೆ ಆ ಚಳಿಗೆ ಮೈಯೊಡ್ಡುತ್ತದೆ. ಪೈಲಟ್ ಇಂಧನದ ತಾಪವನ್ನು ನೋಡುತ್ತಿದ್ದು, ಅದು ಮಿತಿಯ ಹತ್ತಿರ ಬಂದರೆ ಬೆಚ್ಚಗಿನ ಪದರಕ್ಕೆ ಇಳಿಯುತ್ತಾನೆ ಅಥವಾ ವೇಗ ಹೆಚ್ಚಿಸುತ್ತಾನೆ. ಘರ್ಷಣೆ ಮತ್ತು ಸಂಪೀಡನೆಯಿಂದ ರೆಕ್ಕೆಯ ಮೈ ತುಸು ಬೆಚ್ಚಗಾಗುತ್ತದೆ. ಧ್ರುವದ ಬಳಿ ಕಾಂತ ದಿಕ್ಸೂಚಿಯನ್ನು ನಂಬುವಂತಿಲ್ಲ. ವಿಷುವದ್ವೃತ್ತದ ಮೇಲಿರುವ ಭೂಸ್ಥಿರ ಉಪಗ್ರಹಗಳು ಸುಮಾರು 82° ದಾಟಿದರೆ ದಿಗಂತದ ಕೆಳಗೆ ಅಡಗುತ್ತವೆ. ಸೂರ್ಯನಲ್ಲಿ ಸ್ಫೋಟಗಳಾದ ದಿನಗಳಲ್ಲಿ ರೇಡಿಯೋ ಸಂಪರ್ಕವೂ ಕೆಡಬಹುದು. ಅಂಥ ದಿನ ಧ್ರುವದ ದಾರಿಯನ್ನೇ ಬಿಡುತ್ತಾರೆ.

ಎರಡೇ ಎಂಜಿನ್ ಇರುವ ವಿಮಾನಕ್ಕೆ ಮತ್ತೊಂದು ನಿಯಮವಿದೆ. ಒಂದು ಎಂಜಿನ್ ನಿಂತರೆ ಉಳಿದ ಒಂದರಿಂದಲೇ, ಅನುಮತಿಸಿದ ಇಂತಿಷ್ಟು ನಿಮಿಷಗಳೊಳಗೆ, ಇಳಿಯಬಹುದಾದ ನಿಲ್ದಾಣವೊಂದು ದಾರಿಯುದ್ದಕ್ಕೂ ಸಿಗುತ್ತಿರಬೇಕು. ಇದು ಕಾಗದದ ಮೇಲಿನ ನಿಯಮ ಮಾತ್ರವಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾದ 777 ವಿಮಾನದ ಒಂದು ಎಂಜಿನ್ನಿನಲ್ಲಿ ದೋಷ ಕಂಡುಬಂತು. 216 ಪ್ರಯಾಣಿಕರು ಮತ್ತು 16 ಸಿಬ್ಬಂದಿಯಿದ್ದ ವಿಮಾನ ರಷ್ಯದ ದೂರಪೂರ್ವದ ಮಗಡಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಬದಲಿ ವಿಮಾನ ಹೋಗಿ ಅವರನ್ನು ಮುಂದಕ್ಕೆ ಕರೆದೊಯ್ಯಿತು. ಅಮೆರಿಕಕ್ಕೆ ಹೊರಟವರು ಸೈಬೀರಿಯದ ತುದಿಗೇಕೆ ಹೋಗಿದ್ದರು ಎಂದು ಆಗ ಬಹಳ ಜನ ಕೇಳಿದರು. ಗೋಳದ ಮೇಲೆ ದಾರ ಎಳೆದು ನೋಡಿದವರಿಗೆ ಆ ಪ್ರಶ್ನೆ ಬರುವುದಿಲ್ಲ. ಉಕ್ರೇನ್ ಯುದ್ಧದ ನಂತರ, 2022ರಲ್ಲಿ, ಅಮೆರಿಕದ ಕಂಪನಿಗಳಿಗೆ ರಷ್ಯದ ಆಕಾಶ ಮುಚ್ಚಿಹೋಯಿತು. ಭಾರತದ ವಿಮಾನಗಳು ಅಲ್ಲಿ ಹಾರುವುದನ್ನು ಮುಂದುವರಿಸಿದವು. ಅದೇ ಎರಡು ಊರು, ಅದೇ ಬಗೆಯ ವಿಮಾನ. ಬಾಲದ ಮೇಲಿನ ಬಾವುಟದಿಂದ ದಾರಿಯ ಉದ್ದ ಬದಲಾಯಿತು.

ಕಳೆದುಹೋದ ಭಾನುವಾರ

ಇನ್ನು ಗಡಿಯಾರದ ಲೆಕ್ಕ. 2021ರ ಮೊದಲ ವಿಮಾನದ ವೇಳಾಪಟ್ಟಿಯಂತೆ ಸ್ಯಾನ್ ಫ್ರಾನ್ಸಿಸ್ಕೋ ಬಿಡುವುದು ಜನವರಿ 9ರ ಶನಿವಾರ ರಾತ್ರಿ 8:30ಕ್ಕೆ. ಬೆಂಗಳೂರು ಮುಟ್ಟುವುದು 11ರ ಸೋಮವಾರ ಬೆಳಗಿನ ಜಾವ 3:45ಕ್ಕೆ. ಸುಮ್ಮನೆ ಕಳೆದರೆ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದೆ. ಅದನ್ನು ಕಳೆದರೆ 17 ಗಂಟೆ 45 ನಿಮಿಷ. ಓಡುದಾರಿಗೆ ಸಾಗುವುದು, ಮೇಲೇರುವುದು, ಇಳಿಯುವುದು, ಎದುರುಗಾಳಿ, ಬಳಸುದಾರಿ ಎಲ್ಲ ಇದರಲ್ಲಿ ಸೇರಿವೆ. ಬೇಸಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ವ್ಯತ್ಯಾಸ ಹನ್ನೆರಡೂವರೆ ಗಂಟೆ ಆಗುತ್ತದೆ. ಮಗಳಿಗೆ ಫೋನ್ ಮಾಡುವ ತಾಯಂದಿರಿಗೆ ಇದು ನಮ್ಮ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ಗೊತ್ತು.

ಆ ವಿಮಾನದವರಿಗೆ 10ನೆಯ ತಾರೀಖಿನ ಭಾನುವಾರ ನೆಲದ ಮೇಲೆ ಸಿಗಲೇ ಇಲ್ಲ. ಪೆಸಿಫಿಕ್ ದಾಟಿದ್ದರೆ ದಿನಾಂಕ ರೇಖೆಯ ಬಳಿ ದಿನ ಬದಲಾಯಿತು ಎನ್ನಬಹುದಿತ್ತು. ಧ್ರುವದಲ್ಲಿ ಎಲ್ಲ ರೇಖಾಂಶಗಳೂ ದಿನಾಂಕ ರೇಖೆಯೂ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಅಲ್ಲಿ ಗಂಟೆ ಎಷ್ಟು ಎಂಬ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ. ನಾವು ಒಪ್ಪಿಕೊಂಡದ್ದೇ ಗಂಟೆ.

ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡಿ. ಜನವರಿಯ ಒಂದು ದಿನ ಬೆಂಗಳೂರಿನಿಂದ ಮಧ್ಯಾಹ್ನ 2:30ಕ್ಕೆ ಹೊರಟ ವಿಮಾನ 16 ಗಂಟೆ ಹಾರಿ ಸ್ಯಾನ್ ಫ್ರಾನ್ಸಿಸ್ಕೋ ಸೇರುತ್ತದೆ. ಅಲ್ಲಿ ಆಗ ಗಂಟೆ ಎಷ್ಟು, ತಾರೀಖು ಯಾವುದು? ಅಂದೇ ಹುಟ್ಟುಹಬ್ಬವಿರುವ ಹುಡುಗಿಯೊಬ್ಬಳು ಅದರಲ್ಲಿದ್ದರೆ ಅವಳ ಹುಟ್ಟುಹಬ್ಬ ಒಟ್ಟು ಎಷ್ಟು ಗಂಟೆಯದು? ಮೊದಲನೆಯದಕ್ಕೆ ಉತ್ತರ: ಅದೇ ದಿನ ಸಂಜೆ 5 ಗಂಟೆ. ಎರಡನೆಯದಕ್ಕೆ: ಮೂವತ್ತೇಳೂವರೆ ಗಂಟೆ.